ಹಿರಿಯರ ಆರೈಕೆ ಮನೆಯ ವಿನ್ಯಾಸ: ದಿನಚರಿಯಿಂದ ನಕ್ಷೆಯವರೆಗೆ

ಹಿರಿಯರ ಆರೈಕೆ ಕೇಂದ್ರಗಳನ್ನು ಕಟ್ಟುವಾಗ ಸಂಸ್ಕೃತಿಯ ಮಾತು ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ. ನಕ್ಷೆಗೆ ಒಪ್ಪಿಗೆ ಸಿಕ್ಕಿದ ಮೇಲೆ ಗೋಡೆಗೊಂದು ಸಾಂಪ್ರದಾಯಿಕ ಚಿತ್ರವನ್ನೋ ಮುಂಬಾಗಿಲಿಗೊಂದು ಕೆತ್ತನೆಯ ಚೌಕಟ್ಟನ್ನೋ ಸೇರಿಸಿ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ಆದರೆ ಎಪ್ಪತ್ತೆಂಬತ್ತು ವರ್ಷ ಒಂದು ಕ್ರಮದಲ್ಲಿ ಬಾಳಿದವರ ಸಂಸ್ಕೃತಿ ನೆಲೆಸಿರುವುದು ಅವರು ಸ್ನಾನ ಮಾಡುವ, ಉಣ್ಣುವ, ಪ್ರಾರ್ಥಿಸುವ, ಬಂದವರನ್ನು ಕೂರಿಸುವ ರೀತಿಯಲ್ಲಿ. ವಿನ್ಯಾಸವೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಆ ಕಟ್ಟಡದಲ್ಲಿ ವಾಸಿಸಲಿರುವವರ ಅಥವಾ ಅಂಥದೇ ಹಿನ್ನೆಲೆಯ ಹಿರಿಯರ ಒಂದು ಪೂರ್ಣ ದಿನವನ್ನು, ರಾತ್ರಿಯೂ ಸೇರಿದಂತೆ, ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಎದ್ದ ಕೂಡಲೇ ಏನು ಮಾಡುತ್ತಾರೆ, ನೆಲದ ಮೇಲೆ ಕೂರುತ್ತಾರೆಯೇ, ಯಾರ ಮುಂದೆ ಊಟ ಮಾಡಲು ಸಂಕೋಚಪಡುತ್ತಾರೆ, ಕೋಣೆಯಲ್ಲಿ ಒಬ್ಬರೇ ಮಲಗುವುದು ಅವರಿಗೆ ನೆಮ್ಮದಿಯೋ ಭಯವೋ ಎಂಬುದನ್ನು ವಿಚಾರಿಸಿ. ಮಕ್ಕಳು ಅಥವಾ ವ್ಯವಸ್ಥಾಪಕರು ಕೊಡುವ ಉತ್ತರ ಇದಕ್ಕೆ ಸಾಲದು. ಮಹಿಳೆಯರೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಅಗತ್ಯ, ಏಕೆಂದರೆ ಶೌಚ ಮತ್ತು ಸ್ನಾನದ ವಿಷಯಗಳನ್ನು ತುಂಬಿದ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಧರ್ಮ ಅಥವಾ ಸಮುದಾಯದ ಹೆಸರನ್ನು ನೋಡಿ ಅಭ್ಯಾಸಗಳನ್ನು ಊಹಿಸುವುದೂ ತಪ್ಪೇ: ಒಂದೇ ಮನೆತನದ ಇಬ್ಬರು ಹಿರಿಯರ ದಿನಚರಿಯಲ್ಲಿ ಅಜಗಜಾಂತರವಿರಬಹುದು. ನೆದರ್‌ಲ್ಯಾಂಡ್ಸ್‌ನ ವೇಸ್ಪ್‌ನಲ್ಲಿ ಮರೆಗುಳಿತನ (ಡಿಮೆನ್ಷಿಯಾ) ಇರುವವರಿಗಾಗಿ 2009ರಲ್ಲಿ ಆರಂಭವಾದ ಹೋಗೆವೇಕ್ ವಸತಿಯಲ್ಲಿ ನಿವಾಸಿಗಳನ್ನು ಜೀವನಶೈಲಿಗೆ ಅನುಗುಣವಾಗಿ ಸಣ್ಣ ಮನೆಗಳಲ್ಲಿ ಇರಿಸಲಾಯಿತು. ಮೊದಲಿಗೆ ಏಳು ಜೀವನಶೈಲಿಗಳನ್ನು ಗುರುತಿಸಿದ್ದವರು ಮುಂದೆ ಅವನ್ನು ನಾಲ್ಕಕ್ಕೆ ಇಳಿಸಿದರು. ಇಂಥ ವಿಂಗಡಣೆಯನ್ನು ಶಾಶ್ವತವೆಂದು ಎಣಿಸಬಾರದೆಂಬುದಕ್ಕೆ ಇದೇ ಸಾಕ್ಷಿ.

ಸೂಕ್ಷ್ಮತೆಯ ನಿಜವಾದ ಪರೀಕ್ಷೆ ನಡೆಯುವುದು ಸ್ನಾನಗೃಹದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ವ್ಹೀಲ್‌ಚೇರ್ ಸುತ್ತಲು 1500 ಮಿ.ಮೀ. ವ್ಯಾಸದ ಜಾಗ, ಕನಿಷ್ಠ 900 ಮಿ.ಮೀ. ಅಗಲದ ಬಾಗಿಲು, ಕುಳಿತು ಏಳಲು ಸುಲಭವಾಗುವಂತೆ 450ರಿಂದ 480 ಮಿ.ಮೀ. ಎತ್ತರದ ಕಮೋಡ್, ಜಾರದ ನೆಲ ಇವೆಲ್ಲ ಎಲ್ಲೆಡೆಯೂ ಬೇಕು. ಇವುಗಳ ಮೇಲೆ ಅಭ್ಯಾಸದ ಪ್ರಶ್ನೆಗಳು ಬರುತ್ತವೆ. ನೀರಿನಿಂದ ಶುಚಿಗೊಳಿಸಿಕೊಳ್ಳುವವರಿಗೆ ಕೈಗೆಟುಕುವ ಕಡೆ ನಲ್ಲಿ ಅಥವಾ ನೀರಿನ ಪೈಪು ಇರಬೇಕು. ಅದನ್ನು ಯಾವ ಕೈಯಿಂದ ಬಳಸುತ್ತಾರೆಂದು ತಿಳಿದ ಬಳಿಕವೇ ಹಿಡಿಕಂಬಿ ಯಾವ ಬದಿಗೆಂದು ತೀರ್ಮಾನಿಸಬೇಕು. ಎರಡೂ ಒಂದೇ ಬದಿಗೆ ಬಂದರೆ ಕಂಬಿ ಹಿಡಿದ ಕೈಯನ್ನು ಬಿಟ್ಟು ನೀರಿಗೆ ಚಾಚಬೇಕಾಗುತ್ತದೆ, ಬೀಳುವ ಅಪಾಯ ಹುಟ್ಟುವುದೇ ಆ ಕ್ಷಣದಲ್ಲಿ. ಪ್ರಾರ್ಥನೆಗೆ ಮುನ್ನ ಕಾಲು ತೊಳೆಯುವವರು ಒಂಟಿ ಕಾಲಿನಲ್ಲಿ ನಿಂತು ಇನ್ನೊಂದನ್ನು ಬೇಸಿನ್ನಿಗೆ ಎತ್ತುವ ಪರಿಸ್ಥಿತಿ ಬರಬಾರದು. ತಗ್ಗಿನಲ್ಲಿ ಒಂದು ನಲ್ಲಿ, ಅದರ ಎದುರು ತೋಳಿರುವ ಗಟ್ಟಿ ಆಸನ, ನೀರು ನಿಲ್ಲದಂತೆ ಮೆಲ್ಲನೆಯ ಇಳಿಜಾರು ಇದ್ದರೆ ಸಾಕು. ಸ್ನಾನಕ್ಕೆ ಸಹಾಯ ಮಾಡುವವರು ಒಳಗಿದ್ದಾಗಲೂ ಹಿರಿಯರ ಮಾನ ಉಳಿಯುವಂತೆ, ಬಾಗಿಲು ತೆರೆದರೆ ಕಮೋಡ್ ನೇರವಾಗಿ ಹಜಾರಕ್ಕೆ ಕಾಣದ ಹಾಗೆ ಅದರ ಸ್ಥಾನವನ್ನು ಬದಲಿಸಿ, ಒಳಗೊಂದು ಪರದೆಗೂ ಅವಕಾಶ ಕಲ್ಪಿಸಿ.

ಹೊಸಿಲಿಗೂ ಇದೇ ಬಗೆಯ ಗಮನ ಬೇಕು. ಪಾದರಕ್ಷೆಯನ್ನು ಹೊರಗೆ ಬಿಡುವವರಿಗೆ ಕೋಣೆಯ ಬಾಗಿಲ ಬಳಿ ಕುಳಿತುಕೊಳ್ಳುವ ಜಾಗವೂ ಚಪ್ಪಲಿಯ ಗೂಡೂ ಇರಲಿ, ಆದರೆ ಅವು ಓಡಾಟದ ದಾರಿಗೆ ಅಡ್ಡ ಬರದಿರಲಿ. ಒಳಗು ಹೊರಗುಗಳ ಗಡಿಯನ್ನು ಮೆಟ್ಟಿಲಿನಿಂದ ತೋರಿಸುವ ಬದಲು ನೆಲಹಾಸಿನ ವಸ್ತುವನ್ನು ಬದಲಿಸಿ ತೋರಿಸಬಹುದು. ಆಗಲೂ ಒಂದು ಎಚ್ಚರಿಕೆ ಬೇಕು: ಮರೆಗುಳಿತನವಿರುವವರಿಗೆ ನೆಲದ ಮೇಲಿನ ಕಪ್ಪು ಪಟ್ಟಿ ಗುಂಡಿಯಂತೆ ಕಂಡು ಅವರು ಅಲ್ಲೇ ನಿಂತುಬಿಡುವುದುಂಟು. ಆದ್ದರಿಂದ ಮೇಲ್ಮೈಯ ಸ್ಪರ್ಶ ಬದಲಾಗಲಿ, ಬಣ್ಣದ ಗಾಢತೆ ಬಹುತೇಕ ಒಂದೇ ಇರಲಿ.

ಬಣ್ಣ ಮತ್ತು ಬೆಳಕಿನಲ್ಲಿ ದೇಹದ ಅಗತ್ಯವೂ ಸಂಸ್ಕೃತಿಯ ಅರ್ಥವೂ ಒಟ್ಟಿಗೆ ಕೆಲಸ ಮಾಡುತ್ತವೆ. ಅರವತ್ತರ ವಯಸ್ಸಿನಲ್ಲಿ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದ ಸುಮಾರು ಮೂರನೇ ಒಂದು ಭಾಗ ಮಾತ್ರ, ಜೊತೆಗೆ ಮಸೂರ ಹಳದಿಗಟ್ಟುವುದರಿಂದ ನೀಲಿ ಮತ್ತು ಹಸಿರಿನ ನಡುವಿನ ಭೇದ ಮಸುಕಾಗುತ್ತದೆ. ಹಾಗಾಗಿ ಕಂಬಿ, ಬಾಗಿಲು ಮತ್ತು ಸ್ವಿಚ್ಚುಗಳು ಹಿನ್ನೆಲೆಯಿಂದ ಎದ್ದು ಕಾಣಬೇಕು. ಆದರೆ ಬಣ್ಣ ಆರಿಸುವ ಮುನ್ನ ಅದು ನಿವಾಸಿಗಳ ಮನಸ್ಸಿನಲ್ಲಿ ಶೋಕದ ಬಣ್ಣವಾಗಿದೆಯೇ ಎಂದು ಕೇಳಲೇಬೇಕು. ಫಲಕಗಳ ಮಾತೂ ಹೀಗೆಯೇ. ಮರೆಗುಳಿತನ ಹೆಚ್ಚಾದಂತೆ ಅನೇಕರು ಬಾಲ್ಯದ ಭಾಷೆಗೆ ಮರಳುತ್ತಾರೆ. ಆ ಭಾಷೆಯ ಅಕ್ಷರಗಳ ಜೊತೆ ಚಿತ್ರವೂ ಇರಲಿ, ಏಕೆಂದರೆ ಓದಲು ಕಲಿಯುವ ಅವಕಾಶವೇ ಸಿಗದವರೂ ಅವರಲ್ಲಿರಬಹುದು.

ಹಂಚಿಕೊಳ್ಳುವ ಜಾಗಗಳನ್ನು ಎಂಟರಿಂದ ಹನ್ನೆರಡು ಜನರ ಅಳತೆಗೆ ಮಾಡಿದರೆ ಮನೆಯ ಗುಣ ಉಳಿಯುತ್ತದೆ. ಒಂದೇ ದೊಡ್ಡ ಸಭಾಂಗಣದ ಬದಲು ಎರಡು ಮೂರು ಸಣ್ಣ ಬೈಠಕ್‌ಗಳಿದ್ದರೆ ಹೆಂಗಸರು ಮತ್ತು ಗಂಡಸರು ಬೇಕೆನಿಸಿದಾಗ ಬೇರೆಯಾಗಿ, ಬೇಕೆನಿಸಿದಾಗ ಜೊತೆಯಾಗಿ ಕೂರಬಹುದು. ಅಡುಗೆಯ ಪರಿಮಳ ಕೂರುವ ಜಾಗಕ್ಕೆ ತಲುಪುವಷ್ಟು ಹತ್ತಿರ ಅಡುಗೆಮನೆ ಇರಲಿ, ಆಹಾರ ನಿಯಮಗಳಿರುವವರಿಗಾಗಿ ಪಾತ್ರೆ ಮತ್ತು ದಾಸ್ತಾನನ್ನು ಬೇರ್ಪಡಿಸಲು ಸ್ಥಳವಿರಲಿ.

ವಾಸ್ತುಶಿಲ್ಪಿಗಳು ಮಾತೆತ್ತಲು ಹಿಂಜರಿಯುವ ವಿಷಯ ಸಾವು. ಪಶ್ಚಿಮ ಆಸ್ಟ್ರೇಲಿಯಾದ ವಾರ್ಮುನ್‌ನಲ್ಲಿ 2011ರ ಪ್ರವಾಹದ ನಂತರ ಗಿಜಾ ಎಂಬ ಮೂಲನಿವಾಸಿ ಜನರಿಗಾಗಿ ಕಟ್ಟಿದ ವಲುಂಬಾ ಹಿರಿಯರ ಕೇಂದ್ರದಲ್ಲಿ ಹೆಂಗಸರ ಮತ್ತು ಗಂಡಸರ ಪ್ರತ್ಯೇಕ ಜಾಗಗಳನ್ನೂ ಆಚರಣೆಗಳ ಅಗತ್ಯವನ್ನೂ ವಿನ್ಯಾಸದಲ್ಲಿಯೇ ಪರಿಗಣಿಸಲಾಗಿದೆ. ನಿಮ್ಮ ಯೋಜನೆಯಲ್ಲಿಯೂ ಅಂತಿಮ ಗಳಿಗೆಯಲ್ಲಿ ಬಂಧುಗಳು ಹಾಸಿಗೆಯ ಸುತ್ತ ನೆರೆಯಲು ಜಾಗ, ರಾತ್ರಿ ಉಳಿಯುವವರಿಗೆ ಹಾಸಿಗೆ, ಅತ್ತರೆ ಪಕ್ಕದ ಕೋಣೆಗೆ ಕೇಳದಂಥ ಗೋಡೆ ಇರಬೇಕು. ಸ್ಟ್ರೆಚರ್ ಹಿಡಿಯಲು ಲಿಫ್ಟಿನ ಒಳ ಆಳ ಸುಮಾರು 2100 ಮಿ.ಮೀ. ಇರಬೇಕು. ಪಾರ್ಥಿವ ಶರೀರವನ್ನು ಕಸದ ತೊಟ್ಟಿಗಳ ಪಕ್ಕದ ಹಿಂಬಾಗಿಲಿನಿಂದ ಸಾಗಿಸುವ ನಕ್ಷೆಯನ್ನು ನಾನು ಒಪ್ಪಲಾರೆ. ಗೌರವದಿಂದ ಬೀಳ್ಕೊಡುವ ದಾರಿ ಯಾವುದೆಂದು ಹಿರಿಯರನ್ನೇ ಕೇಳಿ, ಅದನ್ನು ನಕ್ಷೆಯಲ್ಲಿ ಗುರುತಿಸಿ.

ಜನರು ವಾಸಕ್ಕೆ ಬಂದು ಆರು ತಿಂಗಳಾದ ಮೇಲೆ ಮತ್ತೆ ಹೋಗಿ ನೋಡಿ. ಕುರ್ಚಿಗಳನ್ನು ಯಾರು ಎಲ್ಲಿಗೆ ಎಳೆದುಕೊಂಡಿದ್ದಾರೆ, ಯಾವ ಕೋಣೆ ಖಾಲಿಯಾಗಿಯೇ ಇದೆ, ಪರದೆಯನ್ನು ಎಲ್ಲಿ ಬಟ್ಟೆ ಕಟ್ಟಿ ಉದ್ದ ಮಾಡಲಾಗಿದೆ ಎಂಬುದನ್ನು ಗುರುತಿಸಿಕೊಳ್ಳಿ. ಅಲ್ಲಿ ಕಂಡದ್ದನ್ನು ಸರಿಪಡಿಸಲು ಸಾಧ್ಯವಾಗುವಂತೆ, ಒಳಗೋಡೆಗಳಲ್ಲಿ ಆದಷ್ಟನ್ನು ಭಾರ ಹೊರದ, ಸುಲಭವಾಗಿ ತೆಗೆಯಬಹುದಾದ ಗೋಡೆಗಳಾಗಿ ಮೊದಲೇ ಕಟ್ಟಿಸಿ, ಬದಲಾವಣೆಗೆಂದು ಬಜೆಟ್ಟಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ.