ಐಕ್ಯೂ ನಂಬರಿನ ಪಕ್ಕದಲ್ಲಿ ನಾನು ಬರೆಯುವುದು

ಮಕ್ಕಳ ಐಕ್ಯೂ ಪರೀಕ್ಷೆ ಮಾಡುವುದು ನನ್ನ ಕೆಲಸ. ವರದಿ ಕೈಗೆ ಬಂದ ಕೂಡಲೇ ಅಪ್ಪ-ಅಮ್ಮ ಹುಡುಕುವುದು ನಂಬರನ್ನು. ಅದು ಹೇಗೆ ಬಂತು ಅಂತ ಬರೆಯುವುದಕ್ಕೇ ನನಗೆ ಜಾಸ್ತಿ ಹೊತ್ತು ಬೇಕು.

ಮೊದಲು ಕಣ್ಣು, ಕಿವಿ ಸರಿ ಇವೆಯಾ ಅಂತ ವಿಚಾರಿಸುತ್ತೇನೆ. ತಿಂಡಿ, ನಿದ್ದೆ ಆಯ್ತಾ ಕೇಳುತ್ತೇನೆ. ಆಮೇಲೆ ಮನೆಮಾತು. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಶಾಲೆಯ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದರೆ ಅಳತೆಗೆ ಸಿಗುವುದು ಇಂಗ್ಲಿಷು, ಅಷ್ಟೇ. ಅಂಥ ಮಕ್ಕಳು 11 ದಾಟಿದ್ದರೆ ಭಾಟಿಯಾ ಬ್ಯಾಟರಿ ಅನ್ನುವ ಪರೀಕ್ಷೆಗಳ ಗುಂಪನ್ನು ತೆಗೆಯುತ್ತೇನೆ. ಬಣ್ಣದ ಘನಗಳನ್ನು ಜೋಡಿಸುವುದು, ವಿನ್ಯಾಸ ಬಿಡಿಸುವುದು ಇಂಥವೇ ಅದರಲ್ಲಿ ಜಾಸ್ತಿ. ಮಾತು ಕಡಿಮೆ ಸಾಕು.

ಉಳಿದವರಿಗೆ ಸಾಮಾನ್ಯವಾಗಿ ಬಿನೆ-ಕಾಮತ್. ಅಮೆರಿಕದ 1916ರ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಧಾರವಾಡದಲ್ಲಿದ್ದುಕೊಂಡು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಲೆಕ್ಕ ಸಲೀಸು. ಮಗುವಿಗೆ 10 ವರ್ಷ, ಅಂದರೆ 120 ತಿಂಗಳು. ಉತ್ತರಗಳಿಂದ ಮಾನಸಿಕ ವಯಸ್ಸು, ಅಂದರೆ ಯಾವ ವಯಸ್ಸಿನ ಮಕ್ಕಳ ಮಟ್ಟಕ್ಕೆ ಉತ್ತರಿಸಿತು ಅನ್ನುವುದು, 90 ತಿಂಗಳು ಬಂತು ಅನ್ನಿ. 90ನ್ನು 120ರಿಂದ ಭಾಗಿಸಿ 100ರಿಂದ ಗುಣಿಸಿದರೆ ಐಕ್ಯೂ 75.

ಆದರೆ ಈ 75 ಬರುವ ದಾರಿಗಳು ಬೇರೆ ಬೇರೆ. ಒಂದು ಮಗು ಏಳು ವರ್ಷದ ಮಟ್ಟದ ಎಲ್ಲ ಪ್ರಶ್ನೆ ದಾಟಿ, ಎಂಟರಲ್ಲಿ ಅರ್ಧ ಮಾಡಿ ನಿಲ್ಲುತ್ತದೆ. ಇನ್ನೊಂದು ಆರರಲ್ಲೇ ಒಂದೆರಡು ತಪ್ಪಿ, ಹತ್ತರಲ್ಲಿ ಒಂದೆರಡು ಸರಿ ಮಾಡುತ್ತದೆ. ಎರಡನೆಯ ಮಗುವನ್ನು ನಾನು ಸುಮ್ನೆ ಕಳಿಸುವುದಿಲ್ಲ. ಗಮನದ ತೊಂದರೆ ಇದೆಯಾ, ಓದು-ಬರಹದ ತೊಡಕಾ ಅಂತ ಮುಂದೆ ನೋಡುತ್ತೇನೆ.

ಲೆಕ್ಕಕ್ಕೆ ಬೇಕಾದ್ದು ಮುಗಿದ ಮೇಲೆ ಸ್ಟಾಪ್‌ವಾಚ್ ಎತ್ತಿಟ್ಟು, ತಪ್ಪಿದ ಕಡೆಗೆ ವಾಪಸ್ ಹೋಗುತ್ತೇನೆ. "ನಿಧಾನಕ್ಕೆ ಮಾಡು ಪುಟ್ಟಾ" ಅಂದರೆ ಸಾಕು, ಘನ ಮುಟ್ಟಲೂ ಹೆದರುತ್ತಿದ್ದ ಹುಡುಗ ಪೂರ್ತಿ ಜೋಡಿಸಿಬಿಡುತ್ತಾನೆ. ಇದಕ್ಕೆ ಅಂಕ ಇಲ್ಲ. ವರದಿಯಲ್ಲಿ ಒಂದು ಪ್ಯಾರಾ ಮಾತ್ರ ಖಂಡಿತ ಇರುತ್ತದೆ. ಟೀಚರಿಗೆ ಕೆಲಸಕ್ಕೆ ಬರುವುದು ಅದೇ.

ಬುದ್ಧಿಮಾಂದ್ಯ ಅಂತ ಗುರುತಿಸಲು ನೋಡುವ 70ರ ಗೆರೆಯ ಹತ್ತಿರ ನಂಬರು ಬಂದರೆ ಇನ್ನೂ ಎಚ್ಚರ. 68 ಬಂದ ಮಗುವಿಗೆ ಬೇರೊಂದು ಬೆಳಿಗ್ಗೆ 72 ಬರಬಹುದು. ಜೊತೆಗೆ, ಮಾನದಂಡ, ಅಂದರೆ ಹೋಲಿಕೆಗೆ ಇಟ್ಟುಕೊಂಡ ಮಕ್ಕಳ ಅಂಕ, ಹಳೆಯದಾದಷ್ಟೂ ಈಗಿನ ಮಗುವಿನ ಅಂಕ ಉಬ್ಬುತ್ತದೆ. ಅಮೆರಿಕದಲ್ಲಿ ಜನರ ಸರಾಸರಿ ಐಕ್ಯೂ ಹತ್ತು ವರ್ಷಕ್ಕೆ ಸುಮಾರು 3 ಅಂಕದಷ್ಟು ಏರಿದೆ ಅಂತ ಸಂಶೋಧಕ ಜೇಮ್ಸ್ ಫ್ಲಿನ್ 1984ರಲ್ಲೇ ತೋರಿಸಿದ್ದರು. ಹಾಗಾಗಿ ಒಂದೇ ನಂಬರು ಬರೆಯದೆ, ಇಷ್ಟರಿಂದ ಇಷ್ಟರವರೆಗೆ ಅಂತ ಬರೆಯುತ್ತೇನೆ. ಊಟ, ಬಟ್ಟೆ, ಅಂಗಡಿಗೆ ಹೋಗಿಬರುವುದು ಮಗುವಿಗೆ ತಾನಾಗಿ ಎಷ್ಟು ಆಗುತ್ತೆ ಅಂತ ಮನೆಯವರನ್ನು ಕೇಳದೆ ಬುದ್ಧಿಮಾಂದ್ಯ ಅಂತ ಬರೆಯುವುದೇ ಇಲ್ಲ.

"ಮೇಡಂ, ಪ್ರಾಕ್ಟೀಸ್ ಮಾಡಿಸಿ ಮುಂದಿನ ತಿಂಗಳು ಕರ್ಕೊಂಡು ಬರ್ಲಾ?" ಅಂತ ಕೇಳುವವರು ಇದ್ದಾರೆ. ಬೇಡ ಅನ್ನುತ್ತೇನೆ. ಅದೇ ಪ್ರಶ್ನೆಗಳು ನೆನಪಿರುತ್ತವೆ ಅಲ್ವಾ?