ನ್ಯಾಟ್ ಜೆಟ್ ಕೊಂಡ್ಕೊಂಡಿದ್ದು: ನನ್ನ ಅನುಭವ

ನಾನು ಬೆಳೆದಿದ್ದು ಬೆಂಗಳೂರಿನ ವಿಮಾನಪುರದಲ್ಲಿ, ಅಪ್ಪ ಎಚ್‌ಎಎಲ್ ಎಂಜಿನ್ ಡಿವಿಜನ್‌ನಲ್ಲಿ ಆರ್ಫಿಯಸ್ ಎಂಜಿನ್ ಮೇಲೆ ಕೆಲಸ ಮಾಡ್ತಿದ್ರು. ನಮ್ಮ ಏರ್‌ಫೋರ್ಸ್‌ನ ನ್ಯಾಟ್, ಮಾರುತ್, ಆಮೇಲೆ ಕಿರಣ್ ಮಾರ್ಕ್ 2, ಮೂರು ಜೆಟ್‌ಗೂ ಆರ್ಫಿಯಸ್ಸೇ ಎಂಜಿನ್. ಹಾಗಾಗಿ ಅಮೆರಿಕಾಗೆ ಬಂದು ಫ್ಲೈಯಿಂಗ್ ಕಲಿತು, ಎಲ್-39 ಅಂತ ಚೆಕ್ ಟ್ರೈನರ್ ಜೆಟ್‌ನಲ್ಲಿ ಒಂದಷ್ಟು ಗಂಟೆ ಹಾರಿಸಿ, ಸ್ವಂತಕ್ಕೊಂದು ಹಳೇ ಜೆಟ್ ಅಂತ ಯೋಚನೆ ಬಂದಾಗ ನ್ಯಾಟ್ ಬಿಟ್ಟು ಬೇರೆ ಯಾವ ಹೆಸರೂ ತಲೆಗೆ ಬರ್ಲಿಲ್ಲ. ಟೆಕ್ಸಸ್‌ನಲ್ಲಿ ನಾವು ಮೂರು ಜನ ಸ್ನೇಹಿತರು ಸೇರಿ ಕೊಂಡ್ವಿ. ಈ ಥರ ಆಸೆ ಇರೋರು ನಂಗೆ ಆಗಾಗ ಕೇಳ್ತಿರ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದ್ದೀನಿ.

ನಮ್ಮ ಏರ್‌ಫೋರ್ಸ್ ಹಾರಿಸಿದ್ದು ಒಂದು ಸೀಟಿನ ನ್ಯಾಟ್ ಫೈಟರ್. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ ಪಾಕಿಸ್ತಾನದ ಸೇಬರ್ ಜೆಟ್‌ಗಳ ಜೊತೆ ಹೋರಾಡಿದ್ದು ಅದರಲ್ಲೇ. ಖಾಸಗಿಯಾಗಿ ಹಾರೋ ಸ್ಥಿತೀಲಿ ನಮ್ಮ ಕಣ್ಣಿಗೆ ಬಿದ್ದಿದ್ದೆಲ್ಲಾ ಅದರ ಅಣ್ಣತಮ್ಮ, ಎರಡು ಸೀಟಿನ ಟಿ-1 ಟ್ರೈನರ್. ಬ್ರಿಟನ್‌ನ ರಾಯಲ್ ಏರ್‌ಫೋರ್ಸ್‌ನವರು ಪೈಲಟ್‌ಗಳಿಗೆ ಕಲಿಸೋಕೆ ಇಟ್ಕೊಂಡಿದ್ದು, ರೆಡ್ ಆರೋಸ್ ತಂಡ 1965ರಿಂದ 1979ರವರೆಗೆ ಹಾರಿಸಿದ್ದು ಇದೇ. ರೆಕ್ಕೆಯಿಂದ ರೆಕ್ಕೆಗೆ 7.32 ಮೀಟರ್ ಅಷ್ಟೇ, ಪಕ್ಕದಲ್ಲಿ ನಿಂತ್ರೆ ಕಾಕ್‌ಪಿಟ್ ಒಳಗೆ ಬಗ್ಗಿ ನೋಡ್ಬಹುದು.

ಮೊದಲು ನೋಡಿದ್ದು ಕೆಂಪು ಬಣ್ಣದ್ದು. ಎಷ್ಟು ಚೆನ್ನಾಗಿತ್ತು ಅಂದ್ರೆ ನಾನು ಅಲ್ಲೇ ನಿಂತು ಅಪ್ಪಂಗೆ ವಿಡಿಯೋ ಕಾಲ್ ಮಾಡಿ ಸುತ್ತಾ ತೋರಿಸಿದೆ, ಅವರು ಐದು ನಿಮಿಷ ಸುಮ್ನೆ ನೋಡಿ "ಬಣ್ಣ ಆಯ್ತಪ್ಪ, ಲಾಗ್‌ಬುಕ್ ಎಲ್ಲೋ?" ಅಂದ್ರು. ಕೇಳಿದ್ರೆ ಮಾರೋರ ಹತ್ರ ಕೊನೇ ಹತ್ತು ವರ್ಷದ್ದು ಮಾತ್ರ ಇತ್ತು. ಟಿ-1ಗಳ ಚರಿತ್ರೆಯಲ್ಲೇ ಒಂದು ಕಂದಕ ಇದೆ. ಏರ್‌ಫೋರ್ಸ್‌ನಿಂದ ರಿಟೈರ್ ಆದ್ಮೇಲೆ ತುಂಬಾ ನ್ಯಾಟ್‌ಗಳನ್ನ ಹಾಲ್ಟನ್, ಕಾಸ್‌ಫರ್ಡ್ ಥರದ ಕಡೆ ಮೆಕ್ಯಾನಿಕ್ ಹುಡುಗರಿಗೆ ಪಾಠ ಮಾಡೋಕೆ ಇಟ್ಕೊಂಡ್ರು, ಕೊನೇಲಿ ಎಂ ಅಕ್ಷರ ಇರೋ ಹೊಸ ನಂಬರ್ ಕೊಟ್ಟು. ಗುಜರಿಗೆ ಹೋಗದೆ ಉಳಿದಿದ್ದು ಅದರಿಂದಲೇ, ಆದರೆ ಆ ವರ್ಷಗಳಲ್ಲಿ ಎಷ್ಟು ಸಲ ಏನೇನು ಬಿಚ್ಚಿ ಹಾಕಿದ್ರು ಅಂತ ಎಲ್ಲಾ ಕಡೆ ಬರೆದಿರಲ್ಲ. ಅದಕ್ಕಿಂತ ಮುಖ್ಯ ಫಟೀಗ್ ಇಂಡೆಕ್ಸ್, ಅಂದ್ರೆ ಏರ್‌ಫೋರ್ಸ್‌ನಲ್ಲಿ ಎಳೆದಾಡಿ ಹಾರಿಸಿದಾಗ ಲೋಹಕ್ಕೆ ಬಿದ್ದ ಪೆಟ್ಟಿನ ಲೆಕ್ಕ. ಆ ಅಂಕಿ ಗೊತ್ತಿಲ್ಲ ಅಂದ್ರೆ ರೆಕ್ಕೆಯಲ್ಲಿ ಎಷ್ಟು ಆಯಸ್ಸು ಉಳಿದಿದೆ ಅನ್ನೋದೂ ಗೊತ್ತಿಲ್ಲ, ಬಣ್ಣ ಎಷ್ಟೇ ಹೊಳೀಲಿ. ಬಿಟ್ಟು ಬಂದ್ವಿ. ವಾಪಸ್ ಬರೋ ದಾರೀಲಿ ಕಾರಲ್ಲಿ ಯಾರೂ ಮಾತಾಡ್ಲಿಲ್ಲ.

ಎರಡನೇದು ಸಿಕ್ಕಿದ್ದು ಹನ್ನೊಂದು ತಿಂಗಳಾದ್ಮೇಲೆ. ಬಣ್ಣ ಮಾಸಿತ್ತು, ಪೇಪರ್ ಮಾತ್ರ ಎರಡು ಟ್ರಂಕ್ ತುಂಬಾ, ಏರ್‌ಫೋರ್ಸ್ ಕಾಲದ ಕಾರ್ಡ್‌ಗಳೂ ಸೇರಿ. ನ್ಯಾಟ್ ಮೇಲೆ ಕೆಲಸ ಮಾಡಿ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನ ನಮ್ಮ ಖರ್ಚಲ್ಲೇ ಕರ್ಕೊಂಡು ಹೋಗಿ ನಾಲ್ಕು ದಿನ ಚೆಕ್ ಮಾಡಿಸಿದ್ವಿ. ಮಾರೋರ ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಿರ್ಲಿ, ಅವರ ಮಾತಿನ ಮೇಲೆ ತಗೋಬೇಡಿ. ಹೈಡ್ರಾಲಿಕ್ಸ್‌ಗೆ, ಅಂದ್ರೆ ಎಣ್ಣೆ ಒತ್ತಡದಲ್ಲಿ ಭಾಗಗಳನ್ನ ಆಡಿಸೋ ವ್ಯವಸ್ಥೆಗೆ, ಅವರು ಒಂದು ಪೂರ್ತಿ ದಿನ ಇಟ್ಟಿದ್ರು, ಯಾಕಂದ್ರೆ ನ್ಯಾಟ್‌ನಲ್ಲಿ ಟೇಲ್‌ಪ್ಲೇನ್, ಅಂದ್ರೆ ಬಾಲದ ಹತ್ರ ಇರೋ ಚಿಕ್ಕ ರೆಕ್ಕೆ, ಹೈಡ್ರಾಲಿಕ್ ಬಲದಲ್ಲಿ ತಿರುಗತ್ತೆ, ಅದು ಕೈಕೊಟ್ರೆ ಮ್ಯಾನ್ಯುಯಲ್‌ಗೆ ಬದಲಾಯಿಸೋಕೆ ಒಂದಾದ್ಮೇಲೊಂದು ಮಾಡೋ ಉದ್ದದ ಡ್ರಿಲ್ ಬಾಯಿಪಾಠ ಇರ್ಬೇಕು. ಲ್ಯಾಂಡಿಂಗ್ ಗೇರೂ ಹಾಗೇ, ಅರ್ಧ ಇಳಿಸಿದ್ರೆ ಹಾರ್ತಿರುವಾಗ ವೇಗ ತಗ್ಗಿಸೋ ಏರ್‌ಬ್ರೇಕ್ ಕೂಡ ಅದೇ, ಅಂದ್ರೆ ಬೇರೆ ವಿಮಾನಕ್ಕಿಂತ ಜಾಸ್ತಿ ದುಡಿಯೋ ಭಾಗ.

ಎಂಜಿನ್ ಚೆಕ್ ಮಾಡಿದ ದಿನ ರಾತ್ರಿ ಅಪ್ಪನಿಂದ ಫೋನ್. "ಫ್ಲೇಮ್ ಟ್ಯೂಬ್ ಏಳೂ ನೋಡಿದ್ರಾ?" ಆರ್ಫಿಯಸ್‌ನಲ್ಲಿ ಏಳು ಸ್ಟೇಜ್ ಕಂಪ್ರೆಸರ್, ಆಮೇಲೆ ಸುತ್ತಲೂ ಇಂಧನ ಉರಿಯೋ ಏಳು ಫ್ಲೇಮ್ ಟ್ಯೂಬ್, ಹಿಂದೆ ಒಂದು ಸ್ಟೇಜ್ ಟರ್ಬೈನ್. ನಾವು ಒಳಗೆ ತೂರಿಸಿ ನೋಡೋ ಬೋರ್‌ಸ್ಕೋಪ್ ಹಾಕಿ ಮೂರು ನೋಡಿ, ಚೆನ್ನಾಗಿದೆ ಅಂತ ಮುಚ್ಚಿದ್ವಿ. "ಮೂರು ಚೆನ್ನಾಗಿದ್ರೆ ನಾಲ್ಕರದ್ದು ಏನು ಗೊತ್ತಾಯ್ತು, ಬೆಳಿಗ್ಗೆ ಹೋಗಿ ನೋಡು ಮಗಾ" ಅಂದ್ರು. ಐದನೇದ್ರಲ್ಲಿ ಬಿರುಕಿತ್ತು. ಅದನ್ನ ತೋರಿಸಿದ್ಮೇಲೆ ಮಾರೋರು ಬೆಲೇನೂ ಇಳಿಸಿದ್ರು, ತಮ್ಮ ಹತ್ರ ಇದ್ದ ಒಂದು ಸ್ಪೇರ್ ಎಂಜಿನ್ನೂ ಸೇರಿಸಿ ಕೊಟ್ರು. ಆ ಸ್ಪೇರ್ ಎಂಜಿನ್ ಇಲ್ದೇ ಇದ್ರೆ ನಾವು ಇಷ್ಟೊತ್ತಿಗೆ ಹಾರೋದು ನಿಲ್ಲಿಸ್ತಿದ್ವಿ, ಇದನ್ನ ಖಂಡಿತ ಹೇಳ್ತೀನಿ.

ಇನ್ನೊಂದು ವಿಷಯ, ಸ್ಟಾರ್ಟ್ ಮಾಡೋಕೆ ಹೊರಗಿನಿಂದ ಗಾಳಿ ಕೊಡ್ಬೇಕು, ಅದಕ್ಕೇ ಅಂತ ಪಲೂಸ್ಟ್ ಅನ್ನೋ ಗಾಡಿ ಇದೆ, ಅದರೊಳಗೇ ಒಂದು ಚಿಕ್ಕ ಟರ್ಬೈನ್ ಎಂಜಿನ್. ಅದು ಇಲ್ದಿರೋ ಏರ್‌ಪೋರ್ಟ್‌ನಲ್ಲಿ ಎಂಜಿನ್ ಆಫ್ ಮಾಡಿದ್ರೆ ಅಲ್ಲೇ ಕೂತ್ಕೋಬೇಕು. ಹಾಗಾಗಿ ಗಾಡೀನೂ ಸೇರಿಸಿ ಮಾತಾಡಿ, ಅಗ್ರಿಮೆಂಟ್‌ನಲ್ಲಿ ಬರೆಸಿ. ಅಪಾಯದಲ್ಲಿ ಪೈಲಟ್‌ನ ಹೊರಗೆ ಚಿಮ್ಮಿಸೋ ಎಜೆಕ್ಷನ್ ಸೀಟ್‌ನ ಕಾರ್ಟ್ರಿಜ್‌ಗಳ, ಅಂದ್ರೆ ಸಿಡಿಮದ್ದಿನ, ಡೇಟ್ ಕೂಡ ನೋಡಿ. ಅವಕ್ಕೆ ಆಯಸ್ಸು ಇದೆ, ಡೇಟ್ ಮುಗಿದಿದ್ರೆ ಸೀಟ್ ಇದ್ದೂ ಇಲ್ಲದ ಹಾಗೆ, ಹೊಸದು ಸುಲಭಕ್ಕೆ ಸಿಗಲ್ಲ.

ಪೇಪರ್ ಕೆಲಸ ಬೇಗ ಹೇಳ್ತೀನಿ. ಅಮೆರಿಕಾದಲ್ಲೇ ರಿಜಿಸ್ಟರ್ ಆಗಿರೋದನ್ನ ಹುಡುಕಿ, ಇಂಪೋರ್ಟ್ ತಲೆನೋವು ತಪ್ಪತ್ತೆ. ರಿಜಿಸ್ಟ್ರೇಷನ್‌ಗೆ ನೀವು ಸಿಟಿಜನ್ ಆಗಿರ್ಬೇಕು ಅಥವಾ ಗ್ರೀನ್ ಕಾರ್ಡ್ ಇರ್ಬೇಕು, ಎಚ್-1ಬಿ ಕೆಲಸದ ವೀಸಾ ಸಾಲದು. ಒಕ್ಲಹೋಮ ಸಿಟೀಲಿರೋ ಎಫ್‌ಎಎ (ಅಮೆರಿಕಾದ ವಿಮಾನಯಾನ ಇಲಾಖೆ) ರಿಜಿಸ್ಟ್ರಿಯಲ್ಲಿ ಹಳೇ ಸಾಲ ಏನಾದ್ರೂ ವಿಮಾನದ ಮೇಲಿದ್ಯಾ ಅಂತ ಟೈಟಲ್ ಸರ್ಚ್ ಮಾಡಿಸಿ, ದುಡ್ಡು ಎಸ್ಕ್ರೋದಲ್ಲೇ, ಅಂದ್ರೆ ವ್ಯವಹಾರ ಮುಗಿಯೋವರೆಗೆ ಮಧ್ಯಸ್ಥರ ಹತ್ರ, ಇಡಿ. ಇದು ಎಕ್ಸ್‌ಪೆರಿಮೆಂಟಲ್ ಎಕ್ಸಿಬಿಷನ್ ವರ್ಗಕ್ಕೆ ಬರತ್ತೆ, ದುಡ್ಡು ತಗೊಂಡು ಯಾರನ್ನೂ ಕೂರಿಸಿಕೊಂಡು ಹಾರೋ ಹಾಗಿಲ್ಲ, ಹಾರಿಸೋಕೂ ಆ ಜೆಟ್‌ಗೇ ಅಂತ ಪ್ರತ್ಯೇಕ ಪರವಾನಗಿ ಬೇಕು. ಇನ್ಶೂರೆನ್ಸ್‌ನವರು ನನ್ನ ಗಂಟೆ ನೋಡಿ ಮೊದಲನೇ ವರ್ಷ ಅನುಭವ ಇರೋ ಪೈಲಟ್ ಜೊತೆಗೇ ಹಾರ್ಬೇಕು ಅಂತ ಷರತ್ತು ಹಾಕಿದ್ರು, ಅದು ಒಳ್ಳೇದೇ ಆಯ್ತು.

ದುಡ್ಡು: ಮೂವರೂ ಸೇರಿ ಕೊಟ್ಟಿದ್ದು 1,20,000 ಡಾಲರ್. ಆದ್ರೆ ಮೊದಲ ಹದಿನೆಂಟು ತಿಂಗಳಲ್ಲಿ ಹೋಸ್, ಸೀಲ್, ಟೈರ್, ಫ್ಲೇಮ್ ಟ್ಯೂಬ್, ರೇಡಿಯೋ, ಹ್ಯಾಂಗರ್ ಎಲ್ಲಾ ಸೇರಿ ಹೆಚ್ಚುಕಮ್ಮಿ ಅಷ್ಟೇ ಮತ್ತೆ ಹೋಯ್ತು. ಇಂಧನ ನಮ್ಮ ಲೆಕ್ಕದಲ್ಲಿ ಗಂಟೆಗೆ 200 ಗ್ಯಾಲನ್ ಮೇಲೆ. ಕೊಳ್ಳೋ ದುಡ್ಡಷ್ಟೇ ಇನ್ನೊಂದು ಬ್ಯಾಂಕಲ್ಲಿ ಇಲ್ಲ ಅಂದ್ರೆ ಕೈ ಹಾಕ್ಬೇಡಿ, ಪಾಲುದಾರರನ್ನ ಹುಡುಕಿ.

ಫ್ಲೇಮ್ ಟ್ಯೂಬ್ ಬದಲಾಯಿಸಿದ್ಮೇಲೆ ಮೊದಲ ಸಲ ಎಂಜಿನ್ ಓಡಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಬೆಂಗಳೂರಲ್ಲಿ ರಾತ್ರಿ ಎಂಟು ದಾಟಿತ್ತು. ಫೋನನ್ನ ದೂರದಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ಎಂಜಿನ್ ಓಡ್ತಿದ್ದಷ್ಟು ಹೊತ್ತು ಅಪ್ಪ ಒಂದು ಮಾತೂ ಆಡಿರ್ಲಿಲ್ಲವಂತೆ. ಆಫ್ ಮಾಡಿದ ತಕ್ಷಣ ಗಡಿಯಾರ ಹಿಡಿದು ಕೂತಿದ್ದಾರೆ, ಎಂಜಿನ್ ತಿರುಗೋದು ಪೂರ್ತಿ ನಿಲ್ಲೋವರೆಗೂ. ನಾನು ಇಳಿದು ಬಂದಾಗ "ವೇಗ ಒಂದೇ ಸಮ ಇಳೀತು, ಎಲ್ಲೂ ತಾಗ್ತಿಲ್ಲ, ಬೇರಿಂಗ್ ಚೆನ್ನಾಗಿದೆ. ಈ ಸೆಕೆಂಡ್ ಬರೆದಿಟ್ಕೊ, ಪ್ರತಿ ಸಲ ಹೋಲಿಸಿ ನೋಡು, ಕಮ್ಮಿ ಆದ ದಿನ ಹಾರ್ಬೇಡ" ಅಂದ್ರು. ಅವತ್ತಿಂದ ನಮ್ಮ ಲಾಗ್‌ನಲ್ಲಿ ಅದಕ್ಕೇ ಒಂದು ಕಾಲಂ ಇದೆ, ಮೂವರಲ್ಲಿ ಯಾರು ಹಾರಿದ್ರೂ ತುಂಬಿಸ್ತಾರೆ.