ಗೆದ್ದಿದ್ದು ಸ್ಪೀಕರ್ ಅಲ್ಲ, 2 ಡೆಸಿಬೆಲ್

ಮೊದಲ ಸಲ ಆರು ಜನ ಗೆಳೆಯರನ್ನು ಕೂರಿಸಿ ಎರಡು ಸ್ಪೀಕರ್ ಕೇಳಿಸಿದೆ. ಆರೂ ಜನ ಒಂದನ್ನೇ ಆರಿಸಿದರು. ‘ಇದರಲ್ಲಿ ಜೀವ ಇದೆ’ ಅಂದರು. ‘ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತೆ’ ಅಂದರು. ‘ಜೋರಾಗಿದೆ’ ಅಂತ ಒಬ್ಬರೂ ಹೇಳಲಿಲ್ಲ. ಎಲ್ಲರೂ ಹೋದಮೇಲೆ ಸದ್ದು ಅಳೆಯುವ ಮೀಟರ್ ಹಿಡಿದು ನೋಡಿದರೆ ಗೆದ್ದ ಸ್ಪೀಕರ್ 2 ಡೆಸಿಬೆಲ್ ಜೋರಾಗಿತ್ತು. ಅಷ್ಟು ಚಿಕ್ಕ ವ್ಯತ್ಯಾಸ ಕಿವಿಗೆ ಜೋರು ಅಂತ ಅನ್ನಿಸೋದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತೆ. ಸೋತ ಸ್ಪೀಕರ್‌ಗೆ ಅನ್ಯಾಯ ಮಾಡಿದೆ ಅಂತ ಬಹಳ ಬೇಜಾರಾಯಿತು.

ಅದಕ್ಕೇ ಈಗ ಸದ್ದು ಸಮ ಮಾಡುವುದಕ್ಕೇ ಅರ್ಧ ಸಮಯ ಕೊಡುತ್ತೇನೆ. ಮೊದಲು 1000 ಹರ್ಟ್ಸ್‌ನ ಒಂದೇ ಸ್ವರ ಹಾಕಿ ಅಳೆಯುತ್ತಿದ್ದೆ. ಅದು ತಪ್ಪು. ಮೀಟರನ್ನು ನಾಲ್ಕು ಬೆರಳು ಸರಿಸಿದರೆ ಸಾಕು, ಅಂಕಿ ಬದಲಾಗುತ್ತೆ. ಗೋಡೆಗಳಿಂದ ಮರಳಿದ ಸದ್ದು ಸೇರಿ ಒಂದು ಕಡೆ ಏರುತ್ತೆ, ಪಕ್ಕದಲ್ಲೇ ಇಳಿಯುತ್ತೆ. ಈಗ ಪಿಂಕ್ ನಾಯ್ಸ್, ಅಂದರೆ ತಗ್ಗಿನಿಂದ ಏರಿನವರೆಗೆ ಎಲ್ಲ ಸ್ವರಗಳೂ ಬೆರೆತ ‘ಸುಯ್’ ಅನ್ನುವ ಸದ್ದು ಹಾಕುತ್ತೇನೆ, ಅದರಲ್ಲೂ 500ರಿಂದ 2000 ಹರ್ಟ್ಸ್ ನಡುವಿನ ಭಾಗ ಮಾತ್ರ. ಮೀಟರ್ ಇರುವುದು ಕೇಳುವವರ ತಲೆ ಇರುವ ಎತ್ತರದಲ್ಲಿ. ಹಾಡನ್ನು ಮೋನೋ ಮಾಡಿ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಹೋಗುವಂತೆ ಮಾಡಿ, ಆಂಪ್ಲಿಫೈಯರ್‌ನ ಎಡ ಚಾನೆಲ್ಲಿಗೆ ಒಂದು ಸ್ಪೀಕರ್, ಬಲಕ್ಕೆ ಇನ್ನೊಂದು. ಜೋರಿರುವ ಚಾನೆಲನ್ನು ಕಂಪ್ಯೂಟರಿನಲ್ಲೇ ತಗ್ಗಿಸುತ್ತೇನೆ. ಅರ್ಧ ಡೆಸಿಬೆಲ್ ಒಳಗೆ ಬರುವ ತನಕ ಬಿಡುವುದಿಲ್ಲ.

ಹೀಗೆ ಮಾಡಿದರೆ ಇನ್ನೊಂದು ಲಾಭ ಇದೆ. ಒಂದರಿಂದ ಇನ್ನೊಂದಕ್ಕೆ ತಕ್ಷಣ ಬದಲಾಯಿಸಬಹುದು. ವೈರ್ ಬಿಚ್ಚಿ ಕಟ್ಟುವಷ್ಟರಲ್ಲಿ ಮೊದಲು ಕೇಳಿದ ದನಿಯ ಸೂಕ್ಷ್ಮ ಮರೆತೇ ಹೋಗಿರುತ್ತೆ, ಅಲ್ವಾ?

ಆಮೇಲೆ ಪರದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಧ್ವನಿ ಸಂಶೋಧಕರು ಅದೇ ಜನರಿಗೆ ಅದೇ ಸ್ಪೀಕರ್‌ಗಳನ್ನು ಕಾಣುವಂತೆ ಒಮ್ಮೆ, ಕಾಣದಂತೆ ಒಮ್ಮೆ ಕೇಳಿಸಿದರು. ಕೊಟ್ಟ ಅಂಕಗಳೇ ಬದಲಾದವು. ನಾನು ಸ್ಪೀಕರಿನ ಮುಂದೆ ಕಟ್ಟುವಂಥ ತೆಳು ಬಟ್ಟೆಯನ್ನೇ ತಂದೆ. ಬಾಯಿಗೆ ಹಿಡಿದು ಊದಿದಾಗ ಉಸಿರು ಸರಾಗವಾಗಿ ಆಚೆ ಹೋಗಬೇಕು, ಇಲ್ಲದಿದ್ದರೆ ಅದು ದನಿಯನ್ನೂ ನುಂಗುತ್ತೆ.

ಜಾಗದ ವಿಷಯ ಇನ್ನೂ ಕಷ್ಟ. ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ, ಅಂದರೆ ತಗ್ಗು ಸ್ವರಗಳಲ್ಲಿ, ಕೋಣೆಯದ್ದೇ ಕಾರುಬಾರು. ಮೂಲೆಗೆ ಹತ್ತಿರ ಇದ್ದದ್ದು ದಪ್ಪಗೆ ಕೇಳುತ್ತೆ. ಎರಡೂ ಸ್ಪೀಕರ್ ಒಂದೇ ಜಾಗದಲ್ಲಿ ಇರೋಕಾಗಲ್ಲ, ಹಾಗಾಗಿ ಒಂದು ಸುತ್ತು ಮುಗಿದ ಮೇಲೆ ಅವುಗಳನ್ನು ಅದಲುಬದಲು ಮಾಡಿ, ಸದ್ದನ್ನು ಮತ್ತೆ ಅಳೆದು, ಇಡೀ ಸುತ್ತನ್ನು ಇನ್ನೊಮ್ಮೆ ಆಡಿಸುತ್ತೇನೆ. ಕೂತವರೂ ಕುರ್ಚಿ ಬದಲಾಯಿಸುತ್ತಾರೆ.

ಗುಂಪಿನಲ್ಲಿ ಒಬ್ಬರು ಸುಮ್ನೆ ತಲೆಯಾಡಿಸಿದರೂ ಪಕ್ಕದವರ ಪೆನ್ನು ಆ ಕಡೆಗೇ ವಾಲುತ್ತೆ. ಆದ್ದರಿಂದ ಮಾತಿಲ್ಲ, ಚೀಟಿಯಲ್ಲಿ ಅಂಕ ಮಾತ್ರ. ಸ್ವಿಚ್ ಒತ್ತುವವನು ಎಲ್ಲರ ಹಿಂದೆ ಕೂರುತ್ತಾನೆ. ಯಾವ ಸ್ಪೀಕರ್ ಎಲ್ಲಿದೆ ಅಂತ ಅವನಿಗೂ ಗೊತ್ತಿರುವುದಿಲ್ಲ.

ಕಳೆದ ಸಲ ಹೇಳದೆ ಒಂದೇ ಸ್ಪೀಕರನ್ನು ಎರಡು ಸಲ ಕೇಳಿಸಿದೆ. ಒಬ್ಬರ ಚೀಟಿಯಲ್ಲಿ ಮೊದಲು 8, ಆಮೇಲೆ 5 ಇತ್ತು. ಇನ್ನೊಬ್ಬರು ಎರಡೂ ಸಲ 7 ಬರೆದಿದ್ದರು. ಅವರ ಮಿಕ್ಕ ಅಂಕಗಳನ್ನು ಆ ರಾತ್ರಿ ಮೂರು ಸಲ ಓದಿದೆ.